ಜೋಡಿ ದೋಣಿಯ ಬಿಡಿಭಾಗಗಳು

ಗಂಡ ತೀರಿಕೊಂಡ ಮೇಲೆ ಆಕೆ ಅವನ ಪಂದ್ಯದ ಹಾಯಿದೋಣಿಯನ್ನು ಬಿಚ್ಚಿ ಮಾರತೊಡಗಿದಳು. ಎರಡು ಒಡಲು, ಎರಡು ಚುಕ್ಕಾಣಿಯ ಜೋಡಿ ದೋಣಿ ಅದು. ಆ ಮಾದರಿಯ ದೋಣಿಗಳೆಲ್ಲ ಒಂದೇ ಅಳತೆ, ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತದೆ; ಹೊಸ ಬಿಡಿಭಾಗ ಹೊರದೇಶದಿಂದ ತರಿಸಿದರೆ ಕೈ ಸುಡುತ್ತದೆ. ಆದರೂ ಕೊಳ್ಳಲು ಬರುತ್ತಿದ್ದವರು ನಿವೃತ್ತ ಕ್ಯಾಪ್ಟನ್ ಒಬ್ಬರೇ. ತಮ್ಮ ದೋಣಿಗೆಂದು ಪ್ರತಿ ಭಾನುವಾರ ಒಂದೊಂದೇ ಭಾಗ ಒಯ್ಯುತ್ತಿದ್ದರು.

"ನಿಮ್ಮ ದೋಣಿ ನೀರಿಗಿಳಿಯಿತಾ, ಕ್ಯಾಪ್ಟನ್ರೇ?"

"ಇಲ್ಲ, ಇನ್ನೂ ಕೆಲಸ ಉಂಟು."

"ಇವತ್ತು ಎಂತ ಬೇಕಿತ್ತು?"

"ಒಂದು ಚುಕ್ಕಾಣಿ."

ಎರಡನ್ನೂ ಅವರೇ ಹಿಂದೆ ಕೊಂಡೊಯ್ದಿದ್ದರು. ಆಕೆ ಅವರ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು. ಬೆನ್ನ ಹಿಂದಿನ ಷೆಡ್ಡಿನಲ್ಲಿ ಹೋದ ವಾರವೇ ಕೊನೆಯ ಹಗ್ಗವೂ ಮಾರಿಹೋಗಿತ್ತು.

"ಹುಡುಕಿ ಇಡ್ತೇನೆ," ಎಂದಳು. "ಬರುವ ಭಾನುವಾರ ಬನ್ನಿ."