ಸಮುದ್ರದವಳ ಮಗುವಿಗೆ ಕೊಟ್ಟದ್ದು

ಮುದುಕಿ ಕುಗ್ಲಾ ತನ್ನ ಬಲೆಚೀಲದಲ್ಲಿ ಏನನ್ನೋ ಬಚ್ಚಿಟ್ಟಿದ್ದಳು. ಹೊನೆಪೆಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಐದು ದಿನದಿಂದ ನೋಡುತ್ತಿದ್ದಳು. ಮುದುಕಿ ಹಂದಿಗಳನ್ನು ಹೊಡೆದುಕೊಂಡು ಹೋಗುವಾಗಲೂ ಎಡಗೈ ಚೀಲದೊಳಗೇ. ಗೆಣಸು ಅಗೆಯುವುದೂ ಒಂದೇ ಕೈಯಲ್ಲಿ. ಹೊನೆಪೆ ಎದುರಾದರೆ ಸಾಕು, ದಾರಿ ಬಿಟ್ಟು ಜೊಂಡಿನೊಳಗೆ ಇಳಿದುಬಿಡುತ್ತಿದ್ದಳು.

ಆರು ದಿನದ ಹಿಂದೆ ಹೊನೆಪೆ ತನ್ನ ಮೂರು ವರ್ಷದ ಮಗಳು ಮಿರಿಯಮಳನ್ನು ಮಣ್ಣು ಮಾಡಿದ್ದಳು.

ಹೊನೆಪೆ ಸಮುದ್ರತೀರದವಳು. ಅವಳ ಗಂಡ ಬುಕೊ ಮಿಷನ್ನಿನ ಉಪದೇಶಿ. ಯೇಸುವಿನ ಹೆಸರನ್ನೇ ಕೇಳದ ನ್ಯೂಗಿನಿಯ ಬೆಟ್ಟದ ಜನಕ್ಕೆ ಸುವಾರ್ತೆ ಹೇಳಲೆಂದು ಇಬ್ಬರೂ ಹದಿನಾಲ್ಕು ದಿನ ನಡೆದು ಈ ಕಣಿವೆಗೆ ಬಂದು ನಾಲ್ಕು ವರ್ಷವಾಗಿತ್ತು. ಮಗು ಹುಟ್ಟಿದ್ದು ಇಲ್ಲೇ. ಬುಕೊ ಹುಲ್ಲು ಹೊದಿಸಿ ಪ್ರಾರ್ಥನೆಮನೆ ಕಟ್ಟಿದ, ಕಟ್ಟಳೆ ಹೇಳಿದ. ಹಗೆಯ ಊರಿನ ಮೇಲೆ ಬಿಲ್ಲು ಎತ್ತಬಾರದು. ಎರಡನೆಯ ಹೆಂಡತಿಯನ್ನು ತರಬಾರದು. ಸತ್ತವರಿಗಾಗಿ ಮೈಗೆ ಗಾಯ ಮಾಡಿಕೊಳ್ಳಬಾರದು. ಮೀರಿದವರಿಗೆ ಪ್ರಾರ್ಥನೆಮನೆಯ ಬಾಗಿಲು ಮುಚ್ಚಿತು ಎಂದೇ ಲೆಕ್ಕ.

ಜನ ಬಂದರು, ಕೇಳಿದರು, ಆಕಳಿಸಿದರು, ಎದ್ದು ಹೋದರು. ದಿನವೂ ತಪ್ಪದೆ ಬಂದವಳು ಕುಗ್ಲಾ ಒಬ್ಬಳೇ. ಬರುತ್ತಿದ್ದದ್ದು ಉಪದೇಶಕ್ಕಲ್ಲ, ಮಗುವಿಗಾಗಿ.

“ಸಮುದ್ರದವಳೇ, ಇದೇನು ಕೂಸು, ಕಬ್ಬಿನ ಸಿಪ್ಪೆ ಇದ್ದಂಗಿದೆ. ಒಂದು ತಿಂಗಳು ನನ್ನ ಹತ್ರ ಬಿಡು, ಹಂದಿಮರಿ ಮಾಡಿ ಕೊಡ್ತೀನಿ” ಎಂದು ಚುಚ್ಚುವಳು. ಸುಟ್ಟ ಗೆಣಸನ್ನು ತಾನು ಅಗಿದು ಮಗುವಿನ ಬಾಯಿಗಿಡುವಳು. ಹೊನೆಪೆಗೆ ಅದು ಸೇರುತ್ತಿರಲಿಲ್ಲ.

ಆಮೇಲೆ ಕೆಮ್ಮು ಬಂತು. ಮೂರನೆಯ ದಿನ ಮಗು ಹೋಯಿತು. ಗುಂಡಿಯ ಪಕ್ಕ ಬುಕೊ ಹಾಡಿದ. ಹೊನೆಪೆ ಅಳಲಿಲ್ಲ, ಕೈಜೋಡಿಸಿ ನಿಂತಿದ್ದಳು. ಉಪದೇಶಿಯ ಹೆಂಡತಿ ಹಾಗೆ ನಿಲ್ಲಬೇಕೆಂದು ಅವಳಿಗೆ ಕಲಿಸಿದ್ದರು. ಕುಗ್ಲಾ ಗುಂಡಿಯನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಹೊನೆಪೆಯ ಕೈಗಳನ್ನೇ ನೋಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಗೋರಿಯ ತಲೆಯ ಕಡೆ, ಕಲ್ಲಿನಡಿ, ಒಂದು ಸಣ್ಣ ಎಲೆಯ ಪೊಟ್ಟಣವಿತ್ತು. ತೊಗಟೆಯ ಹುರಿಯಿಂದ ಬಿಗಿದದ್ದು. ಎಲೆಯ ಮೇಲೆ ಒಣಗಿದ ರಕ್ತ. ಹುರಿಯ ಹೊಸೆತ ಕುಗ್ಲಾಳದೇ, ಆ ಕೇರಿಯಲ್ಲಿ ಬೇರೆ ಯಾರೂ ಹಾಗೆ ಹೊಸೆಯುತ್ತಿರಲಿಲ್ಲ. ಹೊನೆಪೆಯ ತೀರದ ಕಡೆ ಮಾಟಗಾರರು ಕಟ್ಟುವುದು ಇಂಥದನ್ನೇ. ಮುಟ್ಟಿದವರು ಉಳಿಯುವುದಿಲ್ಲ, ಬಿಚ್ಚಿದವರಂತೂ ಉಳಿಯುವುದೇ ಇಲ್ಲ. ಎರಡು ಕೋಲಿನಲ್ಲಿ ಎತ್ತಿ ತಂದು ಒಲೆಗೆ ಹಾಕಿದಳು. ಮಾಂಸ ಸುಟ್ಟ ವಾಸನೆ ಬಂತು.

“ಕೆಮ್ಮಿಗೆ ಹೋದಳು ಕಣೇ” ಎಂದ ಬುಕೊ. “ನಾವು ಮಾಟ ನಂಬೋರಲ್ಲ.”

“ನಂಬದೇ ಇರೋದು ನಿಮ್ಮ ಕೆಲಸ. ನಾನು ಹೆತ್ತವಳು.”

ಆರನೆಯ ದಿನ ಗೆಣಸಿನ ತೋಟದಲ್ಲಿ ಮುದುಕಿಯನ್ನು ಅಡ್ಡಗಟ್ಟಿದಳು.

“ಚೀಲದಲ್ಲಿ ಏನಿದೆ?”

“ಗೆಣಸು.”

“ತೋರಿಸು.”

“ನೀನು ನೋಡಿದ್ರೆ ನಿನ್ನ ಗಂಡ ನನ್ನ ಪ್ರಾರ್ಥನೆಮನೆ ಒಳಗೆ ಬಿಡಲ್ಲ.”

“ಗೋರಿ ಹತ್ರ ಅದನ್ನ ಕಟ್ಟಿಟ್ಟವಳು ನೀನೇ ತಾನೆ? ನನ್ನ ಮಗೂಗೆ ಏನು ಕೊಟ್ಟೆ?”

ಮುದುಕಿ ಚೀಲವನ್ನು ಮೈಗೆ ಅವುಚಿಕೊಂಡಳು. “ಕೊಡಬೇಕಾದ್ದನ್ನ ಕೊಟ್ಟೆ. ಯಾರಿಗೂ ಹೇಳಬೇಡ.”

ಹೊನೆಪೆ ಹೇಳಿದಳು. ಗಸ್ತಿಗೆ ಬಂದ ಸರ್ಕಾರದ ದೊರೆ ನದಿಯಾಚೆ ಡೇರೆ ಹಾಕಿದ್ದ. ಮಾಟ ಮಾಡಿದವರಿಗೆ ತೀರದ ಊರಿನಲ್ಲಿ ಆರು ತಿಂಗಳ ಜೈಲು. ಬೆಟ್ಟದ ಮುದುಕರು ಅಲ್ಲಿಯ ಸೆಕೆಗೆ, ಜ್ವರಕ್ಕೆ ಸಿಕ್ಕಿ ತಿರುಗಿ ಬರುತ್ತಿರಲಿಲ್ಲ. ಅದು ಹೊನೆಪೆಗೆ ಗೊತ್ತಿತ್ತು. ಗೊತ್ತಿದ್ದೇ ದೊರೆಗೆ ಹೇಳಿದಳು.

ದೊರೆ ಬಂದ. ಊರೆಲ್ಲ ಸೇರಿತು. ಬೆಟ್ಟದ ಮಾತು ಅವನಿಗೆ ಬಾರದು, ಅವನ ಪೊಲೀಸಿನವನಿಗೂ ಬಾರದು. ಇತ್ತಲಿನದನ್ನು ಅತ್ತ, ಅತ್ತಲಿನದನ್ನು ಇತ್ತ ಹೇಳುವ ಕೆಲಸ ಹೊನೆಪೆಯದೇ ಆಯಿತು.

“ಒಪ್ಪಿಕೊಂಡಳಾ?” ಎಂದು ದೊರೆ ಕೇಳಿದ.

“ಕೊಟ್ಟೆ ಅಂತ ಅವಳ ಬಾಯಲ್ಲೇ ಹೇಳಿದ್ದಾಳೆ.”

ಪೊಲೀಸಿನವನು ಬೇಡಿ ತಂದ. “ಎರಡೂ ಕೈ ಚಾಚು ಅನ್ನು ಅವಳಿಗೆ.”

ಹೊನೆಪೆ ಹೇಳಿದಳು. ಮುದುಕಿ ಒಂದು ಸಲ ಬುಕೊನ ಕಡೆ ನೋಡಿ ಆಗದೆಂದು ತಲೆಯಾಡಿಸಿದಳು. ಬಲಗೈ ಮಾತ್ರ ಚಾಚಿದಳು. ಪೊಲೀಸಿನವನು ಚೀಲವನ್ನು ಹಿಡಿದು ಎಳೆದ. ಎರಡು ಗೆಣಸು ಉರುಳಿ ಬಿದ್ದವು. ಬೇರೇನೂ ಇರಲಿಲ್ಲ.

ಎಡಗೈಗೆ ಪಾಚಿ ಮೆತ್ತಿ ಎಲೆ ಸುತ್ತಿತ್ತು. ಎಳೆದಾಟದಲ್ಲಿ ಎಲೆ ಜಾರಿತು. ಕಿರುಬೆರಳು ಇರಲಿಲ್ಲ. ಕಡಿದ ಜಾಗ ಇನ್ನೂ ಹಸಿಯಾಗಿತ್ತು.

ಹೆಂಗಸರ ಗುಂಪಿನಿಂದ ಒಬ್ಬಳು, ಅಲ್ಲೇ ಪಕ್ಕದವಳಿಗೆ ಹೇಳುವಂತೆ, ಗೊಣಗಿದಳು: “ಅದು ತಾಯಿ ಕೊಡೋ ಬೆರಳಲ್ವಾ? ಹೆತ್ತವಳ ಬೆರಳು ಜೊತೇಲಿ ಹೋಗದಿದ್ರೆ ಸತ್ತ ಕೂಸು ಕತ್ತಲೇಲಿ ಏನು ಹಿಡ್ಕೊಂಡು ನಡೀಬೇಕು? ಈ ಮುದುಕಿಗೇನು ಬಂತು? ಅದು ಇವಳ ಕೂಸಾ?”

ಹೊನೆಪೆಗೆ ಆ ಪದ್ಧತಿ ಹೊಸದಲ್ಲ. ಗಂಡ ಬೇಡವೆಂದು ನಿಲ್ಲಿಸಿದ್ದೂ ಅದನ್ನೇ.

“ಏನಂತಾರೆ ಅವರು?” ದೊರೆ ಕೇಳಿದ.

ಕುಗ್ಲಾ ಹೊನೆಪೆಯ ಹತ್ತಿರಕ್ಕೆ ಬಾಗಿದಳು. ಉಪದೇಶಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು.

“ನಿನ್ನ ದೇವರು ನಿನಗೆ ಕೊಡಬೇಡ ಅಂದಿದ್ದನಲ್ಲ, ಮಗಳೇ. ಅದಕ್ಕೆ ನಿನ್ನ ಬದಲು ನಾನು ಕೊಟ್ಟೆ.”