ಸದ್ದಿಗೊಂದು ಪೆಟ್ಟಿಗೆ

ಹನ್ನೊಂದನೇ ನಿಮಿಷಕ್ಕೆ ಜನರೇಟರ್ ಪೆಟ್ಟಿಗೆಯೊಳಗೇ ಉಸಿರುಕಟ್ಟಿ ನಿಂತಿತು. ಮೇಸ್ತ್ರಿ ಮುಚ್ಚಳ ಎತ್ತಿದ. ಬಿಸಿಗಾಳಿ ಮುಖಕ್ಕೆ ರಾಚಿತು. ಕೆರೆಯ ದಂಡೆಯ ಬಯಲಿನಲ್ಲಿ ಡೇರೆ ಹಾಕಿಕೊಂಡಿದ್ದ ಬೇರೆ ಸಂಸಾರಗಳವರು ತಲೆಯೆತ್ತಿ ನೋಡಿ, ಸದ್ಯ ಸದ್ದು ನಿಂತಿತಲ್ಲ ಎಂಬಂತೆ ತಮ್ಮ ಪಾಡಿಗೆ ತಾವಾದರು.

ಹೆಂಡತಿ ಡೇರೆಯ ಬಾಗಿಲಿಗೆ ಬಂದಳು. "ಮತ್ತೆ ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ. ಗಾಳಿ ಸಾಲ್ತಿಲ್ಲ. ಇನ್ನೊಂದ್ಸಲ ಮಾಡ್ತೀನಿ."

"ಬಿಟ್ಬಿಡಿ ಅಂದೆನಲ್ಲ. ಆ ಸದ್ದಿನಿಂದ ನನಗೇನೂ ತೊಂದರೆ ಇಲ್ಲ."

ಎರಡು ತಿಂಗಳಿಂದ ಅವಳಿಗೆ ಯಾವುದರಿಂದಲೂ ತೊಂದರೆಯಿಲ್ಲ. ಕಣ್ಣು ಕೆಂಪಾಗಿದ್ದರೆ ಧೂಳು ಬಿತ್ತು ಎನ್ನುತ್ತಿದ್ದಳು. ತಟ್ಟೆಯಲ್ಲಿ ಅನ್ನ ಹಾಗೇ ಉಳಿದರೆ ಶಾಲೆಯಲ್ಲೇ ತಿಂದೆ ಎನ್ನುತ್ತಿದ್ದಳು. ಪಾಠ ಹೇಳುವಾಗ ಮೂರು ಕೋಣೆಗಳಾಚೆಗೂ ಕೇಳುತ್ತಿದ್ದ ದನಿ ಮನೆಯಲ್ಲಿ ಪಿಸುಮಾತಿಗಿಳಿದಿತ್ತು. ಒಂದು ದಿನ ಬೀರುವಿನಲ್ಲಿ ಏನೋ ಹುಡುಕುತ್ತಿದ್ದಾಗ ಅವನ ಕೈಗೆ ಸೀರೆಗಳಡಿಯಿಂದ ಆಸ್ಪತ್ರೆಯ ದೊಡ್ಡ ಲಕೋಟೆಯೊಂದು ಸಿಕ್ಕಿತು. ಬಿಚ್ಚುವಷ್ಟರಲ್ಲಿ ಅವಳು ಬಂದು, ಶಾಲೆಯ ಕಾಗದ ಎಂದು ಕಿತ್ತುಕೊಂಡಳು.

ಅವನಿಗೆ ಅರ್ಥವಾಗಿಹೋಯಿತು. ಕೇಳಿದರೆ ಹೇಳಿಬಿಡುತ್ತಾಳೆ, ಹೇಳಿದ ಮೇಲೆ ಅದು ನಿಜವಾಗಿಬಿಡುತ್ತದೆ.

ಹೊರಸಂಚಾರವೆಂದರೆ ಮೂಗು ಮುರಿಯುತ್ತಿದ್ದ ಅವಳೇ ಹದಿನೈದು ದಿನ ರಜೆ ಹಾಕಿ ಬಂದಾಗ ಅವನ ಎದೆ ಇನ್ನಷ್ಟು ಕುಸಿಯಿತು. "ನೀರಿನ ಪಕ್ಕ ಡೇರೆ ಹಾಕಿ ಇರಬೇಕು ಅಂತ ಮದುವೆಯಾದಾಗಿಂದ ಅಂತಿದ್ದೀರಿ. ನಡೀರಿ, ಹೋಗೋಣ" ಎಂದಿದ್ದಳು. ತಾನು ಹೋಗುವ ಮುಂಚೆ ಗಂಡನ ಆಸೆ ತೀರಿಸಲು ಹೊರಟಿದ್ದಾಳೆ ಎಂದುಕೊಂಡು ಅವನು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದ.

ಜನರೇಟರನ್ನು ಬಾಡಿಗೆಗೆ ತಂದವಳೂ ಅವಳೇ. ದಿನಾ ಸಂಜೆ ನಾಲ್ಕಕ್ಕೆ, ಫೋನ್ ಚಾರ್ಜ್ ಆಗಬೇಕು ಎಂದು ತಾನೇ ಅದನ್ನು ಹಚ್ಚಿ, ಡೇರೆಯೊಳಗೆ ಹೋಗಿ ಪರದೆ ಎಳೆದುಕೊಳ್ಳುತ್ತಿದ್ದಳು. ಒಂದು ಗಂಟೆ ಹೊರಗೆ ಬರುತ್ತಿರಲಿಲ್ಲ. ನೋವು ತನ್ನ ಕಣ್ಣಿಗೆ ಬೀಳದಿರಲೆಂದು ಅಲ್ಲಿ ಹಲ್ಲುಕಚ್ಚಿ ಮಲಗಿರುತ್ತಾಳೆ ಎಂದು ಮೇಸ್ತ್ರಿ ಲೆಕ್ಕ ಹಾಕಿದ. ಅದೂ ಈ ಗದ್ದಲದಲ್ಲಿ.

ಅವಳ ಕಾಯಿಲೆಗೆ ಅವನ ಬಳಿ ಮದ್ದಿರಲಿಲ್ಲ. ಆದರೆ ಸದ್ದಿನ ವಿಷಯ ಗೊತ್ತಿತ್ತು. ಮೂವತ್ತು ವರ್ಷ ಸ್ಪೀಕರಿನ ಪೆಟ್ಟಿಗೆ ಮಾಡಿ, ಹಲಗೆಯೊಳಗಿಂದ ಸದ್ದನ್ನು ಹೇಗೆ ಹೊರಗೆ ತರಬೇಕೆಂದು ಕಲಿತವನು. ಒಳಗೇ ಕೂರಿಸುವುದೂ ಆ ವಿದ್ಯೆಯ ಇನ್ನೊಂದು ಮಗ್ಗುಲೇ ತಾನೆ? ಬೆಳಿಗ್ಗೆಯೇ, ತಾವು ಬಂದಿದ್ದ ವ್ಯಾನಿನಲ್ಲಿ ಮಲಗಲು ಹಾಕಿಸಿದ್ದ ಪ್ಲೈವುಡ್ ಹಲಗೆಗಳನ್ನು ಕಳಚಿ ಪೆಟ್ಟಿಗೆ ಮಾಡಿದ್ದ. ತನ್ನ ಫೋಮ್ ಹಾಸಿಗೆಯನ್ನು ಕುಯ್ದು ಅದರ ಒಳಗೋಡೆಗೆ ಅಂಟಿಸಿದ್ದ.

ಹಾಸಿಗೆ ಕುಯ್ದದ್ದಕ್ಕೆ ಅವಳು ಎಂದೂ ಇಲ್ಲದಷ್ಟು ರೇಗಿದ್ದಳು. ನೀವು ನೆಲದ ಮೇಲೆ ಮಲಗಕೂಡದು ಎಂದು ತನ್ನ ಹಾಸಿಗೆಯನ್ನು ಅವನ ಕಡೆ ತಳ್ಳಿದ್ದಳು. ಬೇಡವೆಂದು ಅವನು ಹಟ ಹಿಡಿದಾಗ ಮುಖ ತಿರುಗಿಸಿಕೊಂಡು ಕೂತಿದ್ದಳು.

ಮಧ್ಯಾಹ್ನ ಬಯಲಿನ ಕಾವಲುಗಾರ ಬಂದ. ಎಲ್ಲರೂ ದೂರು ಕೊಡುತ್ತಿದ್ದಾರೆ, ಇವತ್ತಿನ ಮಟ್ಟಿಗೆ ಸರಿ, ನಾಳೆಯಿಂದ ಈ ಯಂತ್ರ ಹಚ್ಚುವ ಹಾಗಿಲ್ಲ ಎಂದ. ಹಾಗಾದರೆ ಡೇರೆಯನ್ನೇ ಆ ತುದಿಗೆ ಸಾಗಿಸೋಣ ಎಂದಳು ಹೆಂಡತಿ, ತಟ್ಟನೆ. ಸದ್ದು ತಗ್ಗಿಸುವ ಮಾತೇ ಅವಳಿಗೆ ಬೇಡವಾಗಿತ್ತು. ತನಗೆ ಶ್ರಮವಾಗುತ್ತದೆಂದು ಹೀಗೆ ಹೇಳುತ್ತಾಳೆ ಎಂದುಕೊಂಡು ಮೇಸ್ತ್ರಿ ಗರಗಸ ಎತ್ತಿಕೊಂಡ.

ಗಾಳಿಗೆ ನೇರವಾದ ಕಿಂಡಿ ಕೊರೆದರೆ ಸದ್ದೂ ಅದರಲ್ಲೇ ಓಡಿಬರುತ್ತದೆ. ಹಾಗಾಗಿ ಹಾವಿನಂತೆ ಮೂರು ತಿರುವು ತೆಗೆದುಕೊಳ್ಳುವ ದಾರಿ ಮಾಡಿದ. ತಿರುವು ತಿರುವಿಗೂ ಫೋಮ್. ಹೊಗೆಗೆ ಬೇರೆಯದೇ ಕೊಳವೆ. ನಡುನಡುವೆ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ವಯಸ್ಸಾಯಿತು, ಎರಡು ಹಲಗೆ ಎತ್ತಿದರೆ ಏದುಸಿರು. ಅವನ ಹೊಟ್ಟೆಯುರಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಹೊತ್ತುಹೊತ್ತಿಗೆ ಕೊಡುವುದನ್ನು ಅವಳು ಇಂಥ ಸ್ಥಿತಿಯಲ್ಲೂ ಮರೆತಿರಲಿಲ್ಲ. ಅದನ್ನು ನುಂಗಿ ಅವನು ಮತ್ತೆ ಗರಗಸ ಹಿಡಿದ.

ನಾಲ್ಕಾಯಿತು. ಅವಳು ಬಂದು ಜನರೇಟರ್ ಹಚ್ಚಿದಳು, ಅವನ ಮುಖ ನೋಡದೆ ಒಳಗೆ ಹೋಗಿ ಪರದೆ ಎಳೆದುಕೊಂಡಳು. ಗದ್ದಲ ಬಯಲು ತುಂಬಿತು. ಮೇಸ್ತ್ರಿ ಐದು ನಿಮಿಷ ಬಿಟ್ಟು, ಪೆಟ್ಟಿಗೆಯನ್ನು ಮೆಲ್ಲಗೆ ಅದರ ಮೇಲಿಳಿಸಿ ಕೊಂಡಿ ಹಾಕಿದ.

ಸದ್ದು ನೆಲದೊಳಗೆ ಇಳಿದುಹೋಯಿತು. ಉಳಿದದ್ದು ದೂರದಲ್ಲಿ ಯಾರೋ ಹೊಲಿಗೆ ಯಂತ್ರ ತುಳಿದಂಥ ಗುನುಗು ಮಾತ್ರ. ಹತ್ತು ನಿಮಿಷ ಕಾದ. ಹದಿನೈದು. ಜನರೇಟರ್ ನಿಲ್ಲಲಿಲ್ಲ. ಪಕ್ಕದ ಡೇರೆಯ ಹೆಂಗಸು ಕೈಯೆತ್ತಿ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವನಿಂದ ಏನೋ ಒಂದು ಕೆಲಸವಾಗಿತ್ತು.

ಸ್ಪೀಕರ್ ಪರೀಕ್ಷಿಸುವಾಗಿನ ರೂಢಿಯಂತೆ ಹೆಜ್ಜೆ ಎಣಿಸುತ್ತ, ಎಷ್ಟು ದೂರಕ್ಕೆ ಎಷ್ಟು ಕೇಳುತ್ತದೆಂದು ಕಿವಿಗೊಡುತ್ತ ನಡೆದ. ಇಪ್ಪತ್ತನೇ ಹೆಜ್ಜೆಗೆ ಡೇರೆಯ ಹಿಂಬದಿಗೆ ಬಂದ. ಬಟ್ಟೆಯ ಮೇಲೆ ಅವಳ ನೆರಳು ಬಿದ್ದಿತ್ತು. ಮಲಗಿರಲಿಲ್ಲ, ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಅಂಗೈ ಒತ್ತಿಕೊಂಡು ಮುದುರಿ ಕೂತಿದ್ದಳು. ಹೊರಗೆ ನಿಶ್ಶಬ್ದವಾದದ್ದು ಅವಳಿಗೆ ತಿಳಿದಿರಲಿಲ್ಲ. ಗದ್ದಲದ ನಡುವೆ ಮಾತಾಡುವವರಂತೆ ದನಿಯೇರಿಸಿ ತಂಗಿಯ ಹತ್ತಿರ ಮಾತಾಡುತ್ತಿದ್ದಳು. ಮೂರು ಕೋಣೆಗಳಾಚೆಗೂ ಕೇಳುವ ಅದೇ ದನಿ.

"ಇಲ್ಲ ಕಣೇ, ಇನ್ನೂ ಹೇಳಿಲ್ಲ. ಬರೀ ಹೊಟ್ಟೆಯುರಿ ಅಂತಲೇ ನಂಬಿದ್ದಾರೆ. ಡಾಕ್ಟರು ಕೊಟ್ಟ ಮೂರು ತಿಂಗಳಲ್ಲಿ ಎರಡು ಕಳೆದೇಹೋಯ್ತು, ಇವರು ನೋಡಿದರೆ ನನಗೇ ಏನೋ ಆಗಿದೆ ಅಂತ ಹೊರಗೆ ಪೆಟ್ಟಿಗೆ ಮಾಡ್ತಾ ಕೂತಿದ್ದಾರೆ."