ಖಾತೆದಾರರೇ ಮಾತಾಡಬೇಕು

ಸಂಗನಬಸವ ಎರಡೂ ಕೈ ಅಗಲಿಸಿ ನಿಂತಿದ್ದ. ಮಗಳ ಮದುವೆಗೆ ಅಂಗಿ ಹೊಲಿಸಬೇಕಿತ್ತು. ದರ್ಜಿ ಮಡಿವಾಳೆಪ್ಪ ಅವನ ಎದೆಗೆ ಟೇಪು ಸುತ್ತಿ, ಅಳತೆ ನೋಡಿ, ಎಡಗೈಯಲ್ಲಿದ್ದ ಫೋನಿನಲ್ಲಿ ಅಂಕಿ ಒತ್ತಿದ. ಬರೆದುಕೊಳ್ಳಲು ದರ್ಜಿಯ ಹೆಂಡತಿ ಮಹಾನಂದಾ ಪೆನ್ನು ಹಿಡಿದು ಕಾದಳು. ಫೋನು ಮಾತಾಡಲಿಲ್ಲ. ಇನ್ನೊಮ್ಮೆ ಒತ್ತಿದ. ಪರದೆಯ ಮೇಲೆ ಎರಡು ಸಾಲು ಮೂಡಿದವು: ‘ನಿಮ್ಮ ಹಳೆಯ ಪ್ಲಾನ್ ಮುಗಿದಿದೆ. ತಿಂಗಳ ಚಂದಾ ಆಯ್ದುಕೊಳ್ಳಿ.’

ಹೋದ ವರ್ಷ ಹುಬ್ಬಳ್ಳಿಯಲ್ಲಿ ಮಡಿವಾಳೆಪ್ಪನ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದಾಗ, ಡಾಕ್ಟರರು ಫೋನೇ ಮಾತಾಡುವ ಈ ಆ್ಯಪಿನ ದಾರಿ ತೋರಿಸಿದ್ದರು. ಮಡಿವಾಳೆಪ್ಪ ಕುಂದಗೋಳದ ಈ ಅಂಗಡಿಯ ಬಾಗಿಲು ಹಾಕಿಕೊಂಡು ಮೂರು ದಿನ ಫೋನಿನ ಮುಂದೆ ಕೂತು ಮುನ್ನೂರು ವಾಕ್ಯ ಓದಿದ್ದ. ಅದರಿಂದ ಕಂಪನಿಯವರು ಅವನದೇ ದನಿ ಕಟ್ಟಿಕೊಟ್ಟಿದ್ದರು. ಅವನು ಏನು ಒತ್ತಿದರೂ ಆ ದನಿ ಓದುತ್ತಿತ್ತು. ಸ್ವಲ್ಪ ಮೂಗಿನಿಂದ, ಕೊನೆಯ ಅಕ್ಷರ ಎಳೆದು, ಥೇಟ್ ಅವನ ಹಾಗೆ. ಒಮ್ಮೆ ಹಣ ಕಟ್ಟಿದರೆ ಜೀವನಪೂರ್ತಿ ಎಂದಿದ್ದರು. ಗಂಡ ಹೆಂಡತಿ ಕೂಡಿ ಕಟ್ಟಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಆ ದನಿ ಹೊರಗಿನಿಂದ ತನ್ನನ್ನು ಕೂಗಿದಾಗ ಮಹಾನಂದಾ ಒಲೆಯ ಮುಂದೆ ನಿಂತು ಅತ್ತಿದ್ದಳು. ಹಾಲು ಉಕ್ಕಿದ್ದು ಅವಳಿಗೆ ತಿಳಿದಿರಲಿಲ್ಲ.

ಈಗ ಅವಳು ತನ್ನ ಫೋನಿನಿಂದ ಕಂಪನಿಗೆ ಕರೆ ಮಾಡಿ ಸ್ಪೀಕರ್ ಹಾಕಿದಳು. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

“ಆ ಕಂಪನಿಯನ್ನ ಬೇರೆಯವರು ತಗೊಂಡಿದ್ದಾರೆ ಮೇಡಂ. ಜೀವಮಾನದ ಪ್ಲಾನ್ ಈಗ ಇಲ್ಲ.”

“ಜೀವಮಾನ ಅಂದ್ರ ಯಾರದ್ರಿ? ನಮ್ಮ ಮನಿಯವರು ಗಟ್ಟಿಮುಟ್ಟಾಗಿ ಇಲ್ಲೇ ನಿಂತಾರ.”

“ಹಳೇ ಕಂಪನಿದು, ಮೇಡಂ.”

“ಹಂಗಾರ ಅವರ ದನಿ ವಾಪಸ್ ಕೊಟ್ಟಬಿಡ್ರಿ.”

“ಅದು ಕಂಪನಿ ಆಸ್ತಿ. ನಿಮಗೆ ಬಳಸೋದಕ್ಕೆ ಅನುಮತಿ ಮಾತ್ರ ಕೊಟ್ಟಿದ್ದು.”

“ಕೊರಳು ಇವರದು, ಓದಿದವರು ಇವರು. ಆಸ್ತಿ ನಿಮ್ದು ಹೆಂಗಾತ್ರಿ?”

ಆ ಕಡೆ ಕೀಲಿಮಣೆಯ ಸದ್ದಾಯಿತು. “ದೂರು ಬರ್ಕೋತೀನಿ ಮೇಡಂ. ಆದ್ರೆ ಖಾತೆದಾರರೇ ಮಾತಾಡಬೇಕು. ಹೆಸರು, ಹುಟ್ಟಿದ ತಾರೀಖು ಅವರ ಬಾಯಿಂದಾನೇ ಬರಬೇಕು.”

ಮಹಾನಂದಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮಡಿವಾಳೆಪ್ಪ ಅವಳ ಕೈಯಿಂದ ಫೋನು ತೆಗೆದುಕೊಂಡ. ಬಾಯಿಯ ಹತ್ತಿರ ಹಿಡಿದು, ಅವಸರವಿಲ್ಲದೆ, ತನ್ನ ಹೆಸರು, ತಂದೆಯ ಹೆಸರು, ತಾರೀಖು ಎಲ್ಲ ಹೇಳಿದ. ತುಟಿಗಳಷ್ಟೇ ಆಡಿದವು. ಸಂಗನಬಸವ ಮೆಲ್ಲಗೆ ಕೈ ಇಳಿಸಿದ.

“ಹಲೋ? ಸರ್, ಕೇಳಿಸ್ತಿಲ್ಲ. ಇನ್ನೊಂದು ಸಲ ಹೇಳ್ತೀರಾ?”

ಮಡಿವಾಳೆಪ್ಪ ಇನ್ನೊಂದು ಸಲ ಹೇಳಿದ.

ಮಹಾನಂದಾ ಬಗ್ಗಿ ಫೋನಿಗೆ ಹೇಳಿದಳು: “ಎರಡು ಸಲ ಹೇಳಿದ್ರು ನೋಡವಾ.”

ಹುಡುಗಿ ಏನೋ ಟೈಪು ಮಾಡಿದಳು. ಮತ್ತೆ ಮಾತಾಡಿದಾಗ ಅವಳ ದನಿ ಇಳಿದಿತ್ತು. “ಹೇಳಿದ್ರು ಅಂತಾನೇ ಬರ್ಕೊಂಡೆ ಅಕ್ಕಾ. ಆದ್ರೆ ನನ್ನ ಕೈಲಿ ಇನ್ನೇನೂ ಇಲ್ಲ. ಚಂದಾ ಕಟ್ಟಿದ್ರೆ ಈಗಲೇ ಶುರುವಾಗುತ್ತೆ. ಕಟ್ಟದಿದ್ರೆ ಇದೇ ತಿಂಗಳು ಆ ದನಿ ಅಳಿಸಿಬಿಡ್ತಾರೆ.”

ಕರೆ ಮುಗಿಯಿತು. “ತಿಂಗಳಾ ತಿಂಗಳಾ ನಿಮ್ಮ ದನಿಗೆ ನಾವಽ ಬಾಡಿಗಿ ಕೊಡಬೇಕಂತ್ರಿ!” ಎಂದು ಮಹಾನಂದಾ ಸಿಡಿದಳು. ಮಡಿವಾಳೆಪ್ಪ ಅವಳ ಪೆನ್ನು ತೆಗೆದುಕೊಂಡು ಅಳತೆ ಪುಸ್ತಕದ ಮೂಲೆಯಲ್ಲಿ ಬರೆದ: ‘ನನಗ ಬ್ಯಾಡ. ನಿನಗ ಬೇಕೇನು?’

ಓದಿ ಅವಳು ಮುಖ ತಿರುಗಿಸಿದಳು. “ಬೇಕ್ರಿ,” ಎಂದಳು, ಗೋಡೆಗೆ ಹೇಳಿದ ಹಾಗೆ.

ಆತ ತುಸು ಯೋಚಿಸಿ ಕೆಳಗೆ ಮತ್ತೆ ಬರೆದ: ‘ಹಂಗಾರ ಒಂದು ತಿಂಗಳು ಕಟ್ಟೂಣು. ಬೇಕಾದ ಮಾತೆಲ್ಲಾ ನನ್ನ ಫೋನ್ ಆಡಲಿ, ನಿನ್ನ ಫೋನ್ ರೆಕಾರ್ಡ್ ಮಾಡಿ ತುಂಬಿಕೊಳ್ಳಲಿ. ಅದರಾಗ ತುಂಬಿದ್ದು ನಮ್ದಽ.’

ಅಂದೇ ಚಂದಾ ಕಟ್ಟಿದರು. ಆ ವಾರವೆಲ್ಲ ಮಡಿವಾಳೆಪ್ಪ ಒಂದು ಅಂಗಿ ಮುಗಿಸಿ ಇನ್ನೊಂದನ್ನು ಹಿಡಿಯುವ ನಡುವೆ, ಉಳಿದ ಆಯುಷ್ಯಕ್ಕೆ ಬೇಕಾಗುವ ಮಾತುಗಳ ಪಟ್ಟಿ ಮಾಡಿದ. ಐತವಾರ ಮಧ್ಯಾಹ್ನ ಪುಸ್ತಕವನ್ನು ಮಹಾನಂದಾಳ ಮುಂದೆ ಇಟ್ಟ. ಅವಳು ಬೆರಳಿಟ್ಟು ಓದಿದಳು. ಮೊದಲು ಹತ್ತರಿಂದ ಐವತ್ತರ ತನಕ ಅಳತೆಯ ಅಂಕಿಗಳು. ಆಮೇಲೆ ‘ಬುಧವಾರ ಬರ್ರಿ, ಹೊಲಿದು ಇಟ್ಟಿರ್ತೀನಿ.’ ‘ಗುಳಿಗಿ ತೊಗೊಂಡಿಯೇನು?’ ‘ಬಿಸಲಾಗ ಹೋಗಬ್ಯಾಡ.’ ‘ನಾ ಇಲ್ಲೇ ಅದೇನಿ.’

ಅಲ್ಲಿ ಅವಳ ಬೆರಳು ನಿಂತಿತು. ಮೂಗು ಏರಿಸಿಕೊಂಡು ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು.

“ಎಲ್ಲಾ ಬರದೀರಿ, ಒಂದು ಬೈಗಳ ಇಲ್ಲಲ್ರಿ? ಇಷ್ಟು ಮೆತ್ತಗ ಮಾತಾಡಿದ್ರ ಇದು ನಿಮ್ಮ ದನಿ ಅಂತ ನಾ ಹೆಂಗ ನಂಬ್ಲಿ?”

ಮಡಿವಾಳೆಪ್ಪನ ಭುಜಗಳು ನಗುವಿಗೆ ಕುಣಿದವು. ಉಸಿರಾಡಲು ಡಾಕ್ಟರರು ಕೊರಳಲ್ಲಿ ಬಿಟ್ಟಿದ್ದ ತೂತಿಗೆ ಕಟ್ಟಿದ್ದ ತೆಳು ಬಟ್ಟೆ ಪಟಪಟನೆ ಅಲುಗಿತು. ಪುಸ್ತಕ ಎಳೆದುಕೊಂಡು, ಹೊಸ ಹಾಳೆ ತಿರುವಿ, ಬರೆಯತೊಡಗಿದ. ಒಂದು ಹಾಳೆ ಅವನಿಗೆ ಸಾಲಲಿಲ್ಲ.